ಮೀನಿನ ಬಾಯಿ ನೋಡಿ ಗಾಳ ಕಟ್ಟಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆರೆ ಮತ್ತು ಜಲಾಶಯದಲ್ಲಿ ಗಾಳ ಹಾಕುವುದರ ಬಗ್ಗೆಯೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಸಮುದ್ರದ ದಂಡೆಯಲ್ಲಿ ಗಾಳ ಹಾಕಿ ರೂಢಿ. ಅದೇ ರಾಡು ಹಿಡಿದು ಶಿರಸಿ ಕಡೆಯ ಕೆರೆಗೆ ಹೋದೆವು. ದಾರ 0.50 ಮಿ.ಮೀ., ಗಾಳ 3/0, ಸೀಸ 60 ಗ್ರಾಂ, ಎರೆಗೆ ಸಿಗಡಿ. ಬೆಳಗಿನಿಂದ ಸಂಜೆಯವರೆಗೆ ಒಂದೂ ಹತ್ತಲಿಲ್ಲ. ಕೆರೆಯಲ್ಲಿ ಮೀನು ಎಗರುವುದು ಕಣ್ಣಿಗೆ ಕಾಣುತ್ತಿತ್ತು. ತಪ್ಪೆಲ್ಲಿ?
ಓದುಗರು, ಕಾರವಾರ

ಉತ್ತರ: ಸಾಮಾನು ಕೆಟ್ಟದ್ದಲ್ಲ, ಬೇರೆ ಮೀನಿಗೆ ಕಟ್ಟಿದ್ದು. ಅಲೆ ಹೊಡೆಯುವ ದಂಡೆಯಲ್ಲಿ ಎರೆ ಒಂದು ಕಡೆ ನಿಲ್ಲಬೇಕಾದರೆ ಅಷ್ಟು ಸೀಸ ಬೇಕು. ಅಲ್ಲಿಯ ಮೀನು ಓಡಿ ಬಂದು ಕಚ್ಚಿ ಓಡುತ್ತದೆ, ಗಾಳ ತಾನಾಗಿ ನಾಟುತ್ತದೆ. ಕೆರೆಯ ಗೆಂಡೆ ಜಾತಿಗೆ, ಅಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗೆ, ದವಡೆಯಲ್ಲಿ ಹಲ್ಲೇ ಇಲ್ಲ, ಹಲ್ಲಿರುವುದು ಗಂಟಲಲ್ಲಿ. ಅದು ಎರೆಯನ್ನು ನೀರಿನ ಸಮೇತ ಹೀರಿ, ಬಾಯಲ್ಲಿ ಹೊರಳಿಸಿ ನೋಡಿ, ಗಟ್ಟಿ ಏನೋ ತಾಗಿತು ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉಗುಳುತ್ತದೆ. ನಿಂತ ನೀರಿನಲ್ಲಿ 60 ಗ್ರಾಂ ಸೀಸ ಕಟ್ಟಿದ ಎರೆಯನ್ನು ಮೀನು ಹೀರಿದರೂ ಅದು ಬಾಯೊಳಕ್ಕೆ ಬರುವುದಿಲ್ಲ. ಬಂದರೂ ನಿಮ್ಮ ಕೈಗೆ ತಿಳಿಯುವುದಿಲ್ಲ.

ದಂಡೆಯ 10–12 ಅಡಿಯ ಬಿರುಸು ರಾಡು ಬಿಟ್ಟು 7ರಿಂದ 9 ಅಡಿಯ, ತುದಿ ಮೆತ್ತಗಿರುವ ರಾಡು ತೆಗೆದುಕೊಳ್ಳಿ. ರೀಲು 3000 ಅಥವಾ 4000 ಅಳತೆಯದಾದರೆ ಅದೇ ಸಾಕು. ಉಪ್ಪು ನೀರು ಕಂಡ ರೀಲನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಹ್ಯಾಂಡಲ್ಲಿನ ಬುಡಕ್ಕೂ ದಾರ ಉರುಳುವ ರೋಲರಿಗೂ ಒಂದೊಂದು ಹನಿ ಎಣ್ಣೆ ಬಿಡಿ. ಆ ರೋಲರು ಉಪ್ಪು ಹಿಡಿದು ನಿಂತಿದ್ದರೆ ತಂಗೂಸಿ, ಅಂದರೆ ನೈಲಾನ್ ದಾರವನ್ನು ಉಜ್ಜಿ ಸವೆಸುತ್ತದೆ. ದಾರ 0.28ರಿಂದ 0.30 ಮಿ.ಮೀ. ಸಾಕು. ದೊಡ್ಡ ಕಾಟ್ಲಾ ಇರುವ ಜಲಾಶಯವಾದರೆ 0.35. ಗಾಳ ರೋಹು, ಮೃಗಾಲಿಗೆ 6 ಅಥವಾ 8ನೇ ನಂಬರು. ಸಾಮಾನ್ಯ ಗೆಂಡೆಗೆ 4 ಅಥವಾ 6. ಕಾಟ್ಲಾಕ್ಕೆ 1 ಅಥವಾ 2. ಈ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು. 1/0, 2/0, 3/0 ಎಂದು ಸೊನ್ನೆ ಸೇರಿದರೆ ದೊಡ್ಡದಾಗುತ್ತ ಹೋಗುತ್ತದೆ. ಸೀಸ ಎಂದರೆ ಕಡಲೆ ಕಾಳಿಗಿಂತ ಸಣ್ಣ ಗುಂಡುಗಳು ಎರಡೋ ಮೂರೋ, ನೀರ ಮೇಲೆ ತೇಲುವ ಬೆಂಡು ನೆಟ್ಟಗೆ ನಿಲ್ಲುವಷ್ಟು.

ಸಿಗಡಿಯ ಎರೆ ಕೆರೆಯಲ್ಲಿ ಪೂರ್ತಿ ವ್ಯರ್ಥವಲ್ಲ, ತಳದ ಮೀನುಗಳಾದ ಮುಗುಡು ಮತ್ತು ಗಿರ್ಲು ತೆಗೆದುಕೊಳ್ಳುತ್ತವೆ. ಆದರೆ ನೀವು ನೋಡಿದ ಎಗರುವ ಮೀನು ಅವಲ್ಲ.

ಯಾವ ಮೀನಿಗೆ ಯಾವ ಆಳ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೀನಿನ ಬಾಯಿಯೇ ಹೇಳುತ್ತದೆ. ಕಾಟ್ಲಾದ ಕೆಳದವಡೆ ಮುಂದೆ ಚಾಚಿ ಬಾಯಿ ಮೇಲ್ಮುಖ ತೆರೆದಿರುತ್ತದೆ. ಅದು ಮೇಲಿನ ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು. ರೋಹುವಿನ ಬಾಯಿ ತುಸು ಕೆಳಗೆ ಬಾಗಿದೆ, ತುಟಿ ದಪ್ಪ, ಅಂಚಿಗೆ ಜಾಲರಿ, ನಡುನೀರಿನಲ್ಲಿ ಮೇಯುತ್ತದೆ. ಮೃಗಾಲಿನ ಬಾಯಿ ಅಗಲ, ತುಟಿ ತೆಳು, ತಳದ ಕೊಳೆತ ಎಲೆ ಮತ್ತು ರಾಡಿ ಅದರ ಊಟ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಕೊಳವೆಯಂತೆ ಮುಂದೆ ಚಾಚುವ ಬಾಯಿ. ಹಂದಿಯಂತೆ ಕೆಸರು ಅಗೆಯುತ್ತದೆ. ಕೊರವ, ಅಂದರೆ ಅಂಗಡಿಯವರು ಮುರ್ರೆಲ್ ಎನ್ನುವ ಮೀನಿನ ಬಾಯಿ ಕಣ್ಣಿನ ಹಿಂದಿನವರೆಗೆ ಸೀಳಿರುತ್ತದೆ, ಒಳಗೆ ಹಲ್ಲು. ಅದು ಹೊಂಚು ಹಾಕಿ ನುಂಗುತ್ತದೆ. ಸಂತೆಯಲ್ಲಿ ಮೀನು ಕೊಳ್ಳುವಾಗ ಒಮ್ಮೆ ಬಾಯಿ ತೆರೆದು ನೋಡಿ, ಗಾಳ ಎಲ್ಲಿ ತೂಗಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಒಂದು ಭಾನುವಾರ, ಒಂದೇ ಕೆರೆ. ನಾಲ್ಕೈದು ಜಾತಿ ಹಿಡಿಯಬೇಕು ಎಂದರೆ ಯಾವುದರ ಹಿಂದೆ ಯಾವುದು? ಸಾಮಾನು ಎಷ್ಟು ಒಯ್ಯಬೇಕು?
ಓದುಗರು, ಶಿರಸಿ

ಉತ್ತರ: ಎರಡು ರಾಡು ಸಾಕು. ಒಂದಕ್ಕೆ 0.28 ದಾರ ಮತ್ತು ಬೆಂಡು, ಇನ್ನೊಂದಕ್ಕೆ ಕೊರವಕ್ಕಾಗಿ ಹೆಣೆದ ದಾರ. ಮೂರನೆಯದು ಒಯ್ದರೆ ಒಂದರ ಮೇಲೂ ಕಣ್ಣು ನಿಲ್ಲುವುದಿಲ್ಲ. ಐದು ಜಾತಿಯ ಗುರಿ ಇಟ್ಟುಕೊಳ್ಳಿ, ಮೂರು ಸಿಕ್ಕರೆ ಒಳ್ಳೆಯ ದಿನ ಎಂದುಕೊಳ್ಳಿ.

ಬೆಳಿಗ್ಗೆ ಆರಕ್ಕೆ ದಂಡೆಗೆ ಬಂದವರು ಮಾಡುವ ದೊಡ್ಡ ತಪ್ಪೆಂದರೆ ಕೂಡಲೇ ಗಾಳ ಎಸೆಯುವುದು. ಮೊದಲು ಆಳ ಅಳೆಯಿರಿ. ಗಾಳಕ್ಕೆ 10–15 ಗ್ರಾಂನ ಒಂದು ಸೀಸ ಸಿಕ್ಕಿಸಿ ಎಸೆಯಿರಿ. ಬೆಂಡು ಮುಳುಗಿಹೋದರೆ ನೀರು ಬೆಂಡಿನ ಅಳತೆಗಿಂತ ಆಳ ಇದೆ ಎಂದರ್ಥ, ಬೆಂಡನ್ನು ಒಂದು ಗೇಣು ಮೇಲೆ ಸರಿಸಿ ಮತ್ತೆ ಎಸೆಯಿರಿ. ಅಡ್ಡ ಮಲಗಿದರೆ ಸರಿಸಿದ್ದು ಹೆಚ್ಚಾಯಿತು. ತುದಿಯಷ್ಟೇ ನೀರ ಮೇಲೆ ಕಂಡರೆ ತಳ ಸಿಕ್ಕಿತು. ಹೀಗೆ ನಾಲ್ಕೈದು ಕಡೆ ನೋಡಿ, ತಳ ಒಮ್ಮೆಗೇ ಇಳಿಯುವ ಜಾಗ ಹುಡುಕಿ. ಮಲೆನಾಡಿನ ಹೆಚ್ಚಿನ ಕೆರೆಗಳಲ್ಲಿ ಅದು ಏರಿಯ ಕಡೆ, ತೂಬಿನ ಆಚೀಚೆ ಇರುತ್ತದೆ. ಮೀನು ಆ ಇಳಿಜಾರಿನ ಅಂಚು ಹಿಡಿದೇ ಓಡಾಡುತ್ತದೆ. ತೂಬಿನ ಹತ್ತಿರ ಸೆಳೆತ ಇದ್ದರೆ ನೀರಿಗೆ ಇಳಿಯಬೇಡಿ.

ಅಲ್ಲಿ, ದಂಡೆಯಿಂದ 10–12 ಮೀಟರ್ ದೂರಕ್ಕೆ, ಕಿತ್ತಳೆ ಗಾತ್ರದ ಐದು ತೌಡಿನ ಉಂಡೆ ಎಸೆಯಿರಿ. ಎಲ್ಲವೂ ಒಂದು ಚಾಪೆಯಷ್ಟು ಜಾಗದಲ್ಲೇ ಬೀಳಬೇಕು. ಗುರುತಿಗೆ ಎದುರು ದಂಡೆಯ ಒಂದು ಮರ ಹಿಡಿದುಕೊಳ್ಳಿ. ಮೀನು ಸೇರಲು ಅರ್ಧ ತಾಸು ಬೇಕು. ಅಷ್ಟು ಹೊತ್ತು 12 ಅಥವಾ 14ನೇ ನಂಬರಿನ ಸಣ್ಣ ಗಾಳಕ್ಕೆ ಮೆಣಸಿನ ಕಾಳಷ್ಟು ಹಿಟ್ಟು ಇಟ್ಟು ಅಂಚಿನಲ್ಲಿ ಪಕ್ಕೆ ಎಂಬ ಸಣ್ಣ ಮೀನು ಹಿಡಿಯಿರಿ. ಅಲ್ಲಿಗೆ ಒಂದು ಜಾತಿ ಆಯಿತು.

ಆರೂವರೆಯಿಂದ ಒಂಬತ್ತರವರೆಗೆ ತಳದ ಹೊತ್ತು. ಎರೆ ತಳಕ್ಕೆ ಮುಟ್ಟಿಸಿ, ಬೆಂಡನ್ನು ಅಳೆದ ಆಳಕ್ಕಿಂತ ಎರಡು ಬೆರಳು ಹೆಚ್ಚಿಗೆ ಸರಿಸಿ. ಸಾಮಾನ್ಯ ಗೆಂಡೆ ಮತ್ತು ಮೃಗಾಲ್ ಇದೇ ಹೊತ್ತಿಗೆ ಬರುತ್ತವೆ. ನೀರಿನ ಮೇಲೆ ಸೂಜಿಮೊನೆಯಂಥ ಗುಳ್ಳೆಗಳು ಗುಂಪಾಗಿ ಏಳುತ್ತಿದ್ದರೆ ಗೆಂಡೆ ಕೆಸರು ಅಗೆಯುತ್ತಿದೆ. ಒಂದೇ ಜಾಗದಿಂದ ದೊಡ್ಡ ಗುಳ್ಳೆ ಬಿಟ್ಟುಬಿಟ್ಟು ಬಂದರೆ ಅದು ಕೊಳೆತ ಎಲೆಯ ಗಾಳಿ, ಅದರ ಹಿಂದೆ ಬೀಳಬೇಡಿ.

ಒಂಬತ್ತರಿಂದ ಹನ್ನೊಂದು ರೋಹು. ಬೆಂಡನ್ನು ಕೆಳಗೆ ಎಳೆದು ಅರ್ಧ ಆಳಕ್ಕೆ ತನ್ನಿ. ಹತ್ತು ನಿಮಿಷ ಕಚ್ಚದಿದ್ದರೆ ಅರ್ಧ ಅಡಿ ಇಳಿಸಿ, ಮತ್ತೆ ಅರ್ಧ ಅಡಿ. ರೋಹುವಿಗೆ ಆಳ ಹುಡುಕುವುದೇ ಮುಖ್ಯ ಕೆಲಸ, ಎರೆ ಆಮೇಲೆ.

ಹನ್ನೊಂದೂವರೆಯಿಂದ ಮೂರರವರೆಗೆ ಬಿಸಿಲು. ಗೆಂಡೆಗಳು ಮಂಕಾಗುತ್ತವೆ. ಆಗ ತಾವರೆ, ಜೊಂಡು ಇರುವ ಮೂಲೆಗೆ ಹೋಗಿ ಕೊರವಕ್ಕೆ ಪ್ರಯತ್ನಿಸಿ; ಅದರ ಕ್ರಮ ಮುಂದೆ ಬೇರೆ ಪ್ರಶ್ನೆಯಲ್ಲಿದೆ. ನಾಲ್ಕರಿಂದ ಸೂರ್ಯ ಮುಳುಗುವವರೆಗೆ ಕಾಟ್ಲಾ. ಬೆಂಡಿನಿಂದ ಗಾಳಕ್ಕೆ 2ರಿಂದ 4 ಅಡಿ ಸಾಕು, ಉಂಡೆ ಮೆತ್ತಗಿರಬೇಕು, ನೀರಿಗೆ ಬಿದ್ದೊಡನೆ ಹುಡಿ ಹುಡಿಯಾಗಿ ಹೊಗೆಯಂತೆ ಹರಡಬೇಕು. ಕಾಟ್ಲಾ ಆ ಮಬ್ಬಿನೊಳಗೇ ಬಾಯಿ ತೆರೆದು ಬರುತ್ತದೆ. ಮಬ್ಬುಗತ್ತಲಿಗೆ ಕೊನೆಯ ಅರ್ಧ ತಾಸು ಎರೆಹುಳು ಚುಚ್ಚಿ ತಳಕ್ಕೆ ಬಿಡಿ, ಮುಗುಡು, ಗಿರ್ಲು ಸಿಗುತ್ತವೆ. ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಾಡಂಚಿನ ಕೆರೆಯಾದರೆ ಭತ್ತದ ಕೊಯ್ಲಿನ ದಿನಗಳಲ್ಲಿ ಈ ಕೊನೆಯ ಅರ್ಧ ತಾಸನ್ನು ಬಿಟ್ಟುಬಿಡಿ. ಆನೆಗಳು ನೀರಿಗೆ ಬರುವ ಹೊತ್ತು ಅದು.

ಈ ಹೊತ್ತಿನ ಲೆಕ್ಕ ನವೆಂಬರ್‌ನಿಂದ ಫೆಬ್ರವರಿಗೆ ಹೊಂದುತ್ತದೆ. ಡಿಸೆಂಬರ್, ಜನವರಿಯ ತೀರ ಚಳಿಯ ಬೆಳಗಿನಲ್ಲಿ ಎಲ್ಲವೂ ಒಂದೂವರೆ ತಾಸು ತಡ. ಏಪ್ರಿಲ್, ಮೇ ಆದರೆ ಬೆಳಿಗ್ಗೆ ಒಂಬತ್ತಕ್ಕೇ ಗೆಂಡೆ ಮುಗಿಯಿತು. ಇನ್ನೊಂದು ಎಚ್ಚರ: ಹಸಿರು ಕಟ್ಟಿದ ಕೆರೆಯಲ್ಲಿ ಎರಡು ದಿನ ಮೋಡ ಕವಿದಿದ್ದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಬಿಡುವುದು ಕಡಿಮೆಯಾಗಿದೆ, ರಾತ್ರಿಯೆಲ್ಲ ಅದೇ ಪಾಚಿ ಇದ್ದ ಆಮ್ಲಜನಕವನ್ನೂ ಉಸಿರಾಡಿ ಮುಗಿಸಿದೆ. ಅಂಥ ದಿನ ಮೀನು ತಿನ್ನುವುದಿಲ್ಲ. ತೌಡು ಎರಚಿದರೆ ಕೊಳೆತು ಉಸಿರು ಇನ್ನೂ ಕಟ್ಟುತ್ತದೆ. ಮನೆಗೆ ಹೋಗುವುದೇ ಸರಿ.

ಪ್ರಶ್ನೆ: ಹಿಟ್ಟಿನ ಉಂಡೆ ಎಸೆಯುವಾಗಲೇ ಗಾಳದಿಂದ ಕಳಚಿ ಹಾರುತ್ತದೆ. ಗಟ್ಟಿ ಕಲಸಿದರೆ ಮೀನು ಮುಟ್ಟುವುದಿಲ್ಲ. ಸರಿಯಾದ ಅಳತೆ ಕೊಡಿ.
ಓದುಗರು, ಹಳಿಯಾಳ

ಉತ್ತರ: ಎರಡು ಉಂಡೆ ಬೇರೆ ಬೇರೆ. ಮೀನು ಕರೆಯುವ ಉಂಡೆ ಒಡೆಯಬೇಕು, ಗಾಳದ ಉಂಡೆ ನಿಲ್ಲಬೇಕು. ಒಂದೇ ಮುದ್ದೆಯಿಂದ ಎರಡನ್ನೂ ಮಾಡುವುದರಿಂದಲೇ ಈ ತೊಂದರೆ.

ಕರೆಯುವ ಉಂಡೆಗೆ ಅಕ್ಕಿ ತೌಡು 1 ಕಿಲೋ, ಪುಡಿ ಮಾಡಿದ ಶೇಂಗಾ ಹಿಂಡಿ ಅರ್ಧ ಕಿಲೋ, ಬೆಲ್ಲ 100 ಗ್ರಾಂ. ಹಿಂಡಿ ಮತ್ತು ತೌಡನ್ನು ಹುರಿದುಕೊಂಡರೆ ವಾಸನೆ ಏಳುತ್ತದೆ. ಬೆಲ್ಲ ಕರಗಿಸಿದ ಕೆರೆಯ ನೀರನ್ನು ಚಿಮುಕಿಸುತ್ತ ಕಲಸಿ. ಮುಷ್ಟಿಯಲ್ಲಿ ಹಿಚುಕಿದರೆ ಮುದ್ದೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಬಿರಿಯಬೇಕು. ಒಂದೂವರೆ ಆಳಿಗಿಂತ ಹೆಚ್ಚು ನೀರಿದ್ದರೆ ಒಂದು ಹಿಡಿ ಕೆರೆಯ ಜೇಡಿ ಸೇರಿಸಿ, ಇಲ್ಲದಿದ್ದರೆ ತಳ ಮುಟ್ಟುವ ಮೊದಲೇ ಒಡೆದು ಪಕ್ಕೆಗಳ ಪಾಲಾಗುತ್ತದೆ. ಮೊದಲ ಐದು ಉಂಡೆ ಆದ ಮೇಲೆ ಅರ್ಧ ತಾಸಿಗೆ ಒಂದು. ಹೆಚ್ಚು ಹಾಕಿದರೆ ಮೀನು ಹೊಟ್ಟೆ ತುಂಬಿ ಗಾಳದ ಉಂಡೆಯನ್ನು ಮೂಸುವುದೂ ಇಲ್ಲ.

ಗಾಳದ ಉಂಡೆಗೆ ಗೋಧಿ ಹಿಟ್ಟು 100 ಗ್ರಾಂ, ಮೈದಾ 50, ಹುರಿದು ಪುಡಿ ಮಾಡಿದ ಶೇಂಗಾ ಹಿಂಡಿ 50, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಮತ್ತೊಮ್ಮೆ ನಾದಿ. ಮೈದಾದ ಜಿಗುಟು ಮತ್ತು ಹಬೆ, ಇವೆರಡೇ ಉಂಡೆಯನ್ನು ಹಿಡಿದಿಡುವುದು. ಇಷ್ಟಾಗಿಯೂ ಕಳಚಿದರೆ ಚೂರು ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಿಟ್ಟಿನಲ್ಲಿ ಕಲಸಿ. ಕೆರೆಗೆ ಹಾಕುವ ಮುಂಚೆ ಬಕೆಟ್ ನೀರಿನಲ್ಲಿ ಗಾಳ ಸಮೇತ ಬಿಟ್ಟು ನೋಡಿ: ಹದಿನೈದು ನಿಮಿಷ ನಿಂತು, ಹೊರಮೈ ಮೆತ್ತಗಾಗಿ, ಚಿವುಟಿದರೆ ಗಾಳದ ಮೊನೆ ಸುಲಭವಾಗಿ ಹೊರಬರಬೇಕು. ಮೊನೆ ಹೊರಬಾರದ ಉಂಡೆ ಮೀನಿನ ತುಟಿಗೂ ನಾಟದು. ನೀವು ಗಟ್ಟಿ ಕಲಸಿದಾಗ ಆಗುತ್ತಿದ್ದುದು ಇದೇ ಇರಬೇಕು: ಮೀನು ಮುಟ್ಟಿದೆ, ಉಗುಳಿದೆ, ನಿಮಗೆ ಗೊತ್ತಾಗಿಲ್ಲ.

ಪ್ರಶ್ನೆ: ಬೆಂಡು ಕುಣಿಯುತ್ತದೆ, ಎಳೆದರೆ ಖಾಲಿ ಗಾಳ. ಹತ್ತರಲ್ಲಿ ಒಂಬತ್ತು ಸಲ ಹೀಗೆ.
ಓದುಗರು, ಸಿದ್ದಾಪುರ

ಉತ್ತರ: ಕುಣಿತಗಳಲ್ಲಿ ವ್ಯತ್ಯಾಸ ಇದೆ. ಬೆಂಡು ತಟಪಟ ಎಂದು ನಡುಗಿ ನಿಂತು ಮತ್ತೆ ನಡುಗಿದರೆ ಪಕ್ಕೆಗಳು ಉಂಡೆಯನ್ನು ಕೊರೆಯುತ್ತಿವೆ. ಎಳೆಯಬೇಡಿ, ಉಂಡೆಯ ಬದಲು ನೆನೆಸಿ ಬೇಯಿಸಿದ ಮೆಕ್ಕೆಜೋಳದ ಎರಡು ಕಾಳು ಚುಚ್ಚಿ. ಬೆಂಡು ನಿಧಾನ ಓರೆಯಾಗಿ ಜಾರಿ ಮುಳುಗಿದರೆ ರೋಹು, ಮುಳುಗುತ್ತಿರುವಾಗಲೇ ಮಣಿಕಟ್ಟು ತಿರುಗಿಸಿದಷ್ಟು ಎಳೆಯಿರಿ. ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿದರೆ ಹೊಸಬರು ಏನೂ ಆಗಿಲ್ಲವೆಂದು ಸುಮ್ಮನೆ ಕೂರುತ್ತಾರೆ. ಎಳೆಯಬೇಕಾದ ಗಳಿಗೆ ಅದೇ. ತಳದ ಗೆಂಡೆ ಎರೆಯನ್ನು ಬಾಯಿಗೆ ತೆಗೆದುಕೊಂಡು ತಲೆ ಎತ್ತಿದಾಗ ಸೀಸವೂ ಎದ್ದಿದೆ, ಬೆಂಡಿಗೆ ಭಾರ ಇಲ್ಲವಾಗಿದೆ. ಈ ಏಳುವಿಕೆ ಕಾಣಬೇಕಾದರೆ ಕೊನೆಯ ಸೀಸದ ಗುಂಡು ಗಾಳದಿಂದ ನಾಲ್ಕೇ ಬೆರಳು ದೂರ ಇರಬೇಕು. ಒಂದು ಮೊಳ ದೂರ ಇಟ್ಟರೆ ಮೀನು ತಲೆ ಎತ್ತಿ, ಜಗಿದು, ಉಗುಳಿದರೂ ಬೆಂಡು ಅಲ್ಲಾಡುವುದಿಲ್ಲ.

ಇನ್ನು ಬೆಂಡಿನ ಗಾತ್ರ. ಹೆಬ್ಬೆರಳು ದಪ್ಪದ ಥರ್ಮೋಕೋಲ್ ತುಂಡನ್ನು ಮುಳುಗಿಸಲು ಬೇಕಾದ ಬಲವೇ ಮೀನಿಗೆ ಅನುಮಾನ ಹುಟ್ಟಿಸುತ್ತದೆ. ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ಬೆಂಡು ತೆಗೆದುಕೊಂಡು, ತುದಿ ಅರ್ಧ ಇಂಚು ಮಾತ್ರ ಕಾಣುವಂತೆ ಸೀಸ ಹೊಂದಿಸಿ.

ಪ್ರಶ್ನೆ: ದೊಡ್ಡ ಮೀನು ಸಿಕ್ಕಾಗಲೆಲ್ಲ ದಾರ ಗಾಳದ ಬುಡದಲ್ಲೇ ಕಡಿಯುತ್ತದೆ. ದಾರ ಹೊಸದು.
ಓದುಗರು, ಬನವಾಸಿ

ಉತ್ತರ: ಕಡಿದ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಹಂದಿಬಾಲದಂತೆ ಸುರುಳಿ ಸುತ್ತಿದ್ದರೆ ದಾರ ಕಡಿದಿಲ್ಲ, ಗಂಟು ಜಾರಿದೆ. ನೇರ ಕತ್ತರಿಸಿದಂತಿದ್ದರೆ ಗಂಟು ಬಿಗಿಯುವಾಗ ಸುಟ್ಟಿದೆ. ತುದಿಗೆ ಒಂದು ಗೇಣು ಮೇಲಿನವರೆಗೆ ದಾರ ಒರಟಾಗಿದ್ದರೆ ಕಲ್ಲಿಗೋ ಮುಳುಗಿದ ಮರದ ಬುಡಕ್ಕೋ ಉಜ್ಜಿದೆ.

ಗಂಟು ಹೀಗೆ ಕಟ್ಟಿ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ ಒಂದು ಗೇಣು ಹೊರಗೆಳೆಯಿರಿ. ಆ ತುದಿಯನ್ನು ಮುಖ್ಯ ದಾರಕ್ಕೆ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಉಳಿದ ಸಣ್ಣ ಕುಣಿಕೆಯೊಳಗೆ ತುದಿಯನ್ನು ತೂರಿಸಿ. ಹಾಗೆ ತೂರಿಸಿದಾಗ ಪಕ್ಕದಲ್ಲಿ ಒಂದು ದೊಡ್ಡ ಕುಣಿಕೆ ಉಂಟಾಗುತ್ತದೆ, ಅದರೊಳಗೂ ತೂರಿಸಿ. ಈಗ ಉಗುಳಿನಿಂದ ಚೆನ್ನಾಗಿ ಒದ್ದೆ ಮಾಡಿ. ಇದನ್ನು ಬಿಟ್ಟರೆ ನೈಲಾನ್ ತನ್ನದೇ ಮೈಗೆ ಉಜ್ಜಿ ಬಿಸಿಯಾಗಿ ಅರ್ಧ ಬಲ ಅಲ್ಲೇ ಹೋಗುತ್ತದೆ. ಮುಖ್ಯ ದಾರವನ್ನು ನಿಧಾನ ಎಳೆದು ಸುತ್ತುಗಳು ಒಂದರ ಪಕ್ಕ ಒಂದು ಕೂರುವಂತೆ ಬಿಗಿದು, ತುದಿಯನ್ನು 3 ಮಿ.ಮೀ. ಬಿಟ್ಟು ಕತ್ತರಿಸಿ. ಸುತ್ತುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೆ ಕತ್ತರಿಸಿ ಹೊಸದು ಕಟ್ಟಿ.

ರೀಲಿನ ಡ್ರ್ಯಾಗನ್ನೂ, ಅಂದರೆ ಮೀನು ಜಗ್ಗಿದಾಗ ದಾರ ಬಿಚ್ಚಿಕೊಳ್ಳುವ ಬಿಗಿಯನ್ನೂ, ಪರೀಕ್ಷಿಸಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ದಾರ ಬಿಚ್ಚಿಕೊಳ್ಳಬೇಕು. 6 ಕಿಲೋ ಎಂದು ಬರೆದ ದಾರವಾದರೆ ಒಂದೂವರೆಯಿಂದ 2 ಕಿಲೋ. ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ರಾಡು ಬಾಗಿಸಿ ಎಳೆದರೆ ಗೊತ್ತಾಗುತ್ತದೆ. ಅಂಗೈ ಅಂದಾಜು ಯಾವಾಗಲೂ ಹೆಚ್ಚು ಬಿಗಿ.

ಪ್ರಶ್ನೆ: ಕೊರವಕ್ಕೆ ಜೀವಂತ ಕಪ್ಪೆಯೇ ಬೇಕು ಎನ್ನುತ್ತಾರೆ. ಹೌದೇ?
ಓದುಗರು, ಯಲ್ಲಾಪುರ

ಉತ್ತರ: ಬೇಡ. ಟೊಳ್ಳು ರಬ್ಬರಿನ ಕಪ್ಪೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳದ ಮೊನೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಘಟ್ಟದ ಕಪ್ಪೆಗಳಲ್ಲಿ ಎಷ್ಟೋ ಜಾತಿ ಬೇರೆಲ್ಲೂ ಇಲ್ಲ, ಅವನ್ನು ಗಾಳಕ್ಕೆ ಚುಚ್ಚುವುದು ನಮಗೆ ಒಪ್ಪಿತವಲ್ಲ. ಇಲ್ಲಿ ತಂಗೂಸಿ ನಡೆಯದು, ಹಿಗ್ಗುತ್ತದೆ. 30 ಪೌಂಡಿನ ಹೆಣೆದ ದಾರ ಬೇಕು, ತಾವರೆ ದಂಟಿನ ನಡುವಿನಿಂದ ಮೀನನ್ನು ಎಳೆದು ತರಬೇಕಲ್ಲ.

ಕೊರವ ಗಾಳಿಯನ್ನೂ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಗುಟುಕು ಗಾಳಿ ಕುಡಿದು ಇಳಿಯುತ್ತದೆ, ‘ಗ್ಲುಕ್’ ಎಂಬ ಸದ್ದು. ಆ ಸದ್ದಿನ ಜಾಗ ಗುರುತಿಸಿಕೊಂಡು, ಅದರಿಂದ ಒಂದೆರಡು ಮೀಟರ್ ಆಚೆ ಕಪ್ಪೆ ಬೀಳಿಸಿ, ಎಲೆಯ ಮೇಲಿಂದ ನೀರಿಗೆ ಇಳಿಸಿ, ಎರಡು ಸಲ ಅಲ್ಲಾಡಿಸಿ ನಿಲ್ಲಿಸಿ. ಹೊಡೆತ ಬಿದ್ದ ಕೂಡಲೇ ಎಳೆದರೆ ಕಪ್ಪೆ ಮಾತ್ರ ಹಾರಿ ನಿಮ್ಮತ್ತ ಬರುತ್ತದೆ. ಒಂದು, ಎರಡು ಎಂದು ಎಣಿಸಿ, ದಾರ ಬಿಗಿಯಾದ ಮೇಲೆ ಎಳೆಯಿರಿ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಕೊತಕೊತ ಕುದಿಯುವಂಥ ಮರಿಗಳ ಗುಂಪು ಕಂಡರೆ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆಗ ಏನು ಹಾಕಿದರೂ ಕಚ್ಚುತ್ತವೆ, ಹಸಿವಿನಿಂದಲ್ಲ, ಮರಿ ಕಾಯಲು. ಅವನ್ನು ಹಿಡಿದರೆ ಆ ಮರಿಗಳು ಬೇರೆ ಮೀನುಗಳ ಪಾಲು. ದಯವಿಟ್ಟು ಆ ಮೂಲೆಗೆ ಗಾಳ ಎಸೆಯಬೇಡಿ.

ಪ್ರಶ್ನೆ: ಮೊದಲ ಮಳೆಗೆ ಕೆರೆಯ ಕೋಡಿಯಿಂದ ಗದ್ದೆಗೆ ಹತ್ತುವ ಮೀನನ್ನು ಹಿಡಿಯುವುದು ಇಲ್ಲಿಯ ರೂಢಿ. ಬೇಸಿಗೆಯ ಕೆರೆಬೇಟೆಯೂ ಇದೆ. ಇದರಿಂದ ಮೀನು ಕಡಿಮೆಯಾಗುತ್ತದೆಯೇ?
ಓದುಗರು, ಶಿರಸಿ ತಾಲ್ಲೂಕು

ಉತ್ತರ: ಎರಡೂ ಒಂದೇ ಅಲ್ಲ. ಕೆರೆಬೇಟೆಯಲ್ಲಿ ನೀರು ಬತ್ತಿದ ಕೆರೆಗೆ ಊರವರು ಕೂಣಿ, ಅಂದರೆ ಮೀನು ಮುಚ್ಚಿ ಹಿಡಿಯುವ ಬುಟ್ಟಿ, ಹಿಡಿದು ಇಳಿಯುತ್ತಾರೆ. ಅಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಇವೆಲ್ಲ ಮರಿ ತಂದು ಬಿಟ್ಟು ಬೆಳೆಸಿದ ಮೀನುಗಳು. ಇವು ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುವ ಜಾತಿ, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಮುಂದಿನ ಮಳೆಗೆ ಮತ್ತೆ ಮರಿ ಬಿಡಲೇಬೇಕು.

ಗದ್ದೆಗೆ ಹತ್ತುವ ಮೀನಿನ ವಿಷಯ ಬೇರೆ. ಮೊದಲ ಜೋರು ಮಳೆಗೆ ಹತ್ತುವ ಪಕ್ಕೆ, ಮುಗುಡು, ಗಿರ್ಲುಗಳ ಹೊಟ್ಟೆ ಒತ್ತಿದರೆ ಮೊಟ್ಟೆ ಸುರಿಯುತ್ತದೆ. ತೆಳು ನೀರಿನ ಗದ್ದೆಗೆ ಅವು ಹೋಗುವುದೇ ಮೊಟ್ಟೆ ಇಡಲು. ಕೋಡಿಗೆ ಅಡ್ಡ ಕೂಳಿ ಇಟ್ಟು ಒಂದು ರಾತ್ರಿಯಲ್ಲಿ ಬುಟ್ಟಿ ತುಂಬಿಸಿದರೆ ಆ ಹಳ್ಳದ ಇಡೀ ವರ್ಷದ ಸಂತಾನ ಬುಟ್ಟಿಗೆ ಹೋಯಿತು. ಹಿಡಿಯಲೇಬೇಕೆಂದರೆ ಮೊದಲ ಎರಡು ವಾರ ಬಿಟ್ಟು, ಇಳಿದು ಬರುವ ಮೀನು ಹಿಡಿಯಿರಿ. ಸುಣ್ಣ, ಬ್ಲೀಚಿಂಗ್ ಪುಡಿ, ಸಿಡಿಮದ್ದು ಯಾವ ಕಾಲಕ್ಕೂ ಸಲ್ಲದು. ಸಿಡಿಮದ್ದು, ವಿಷದಿಂದ ಮೀನು ಕೊಲ್ಲುವುದು ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಕಾಳಿ ನದಿಯ ಜಲಾಶಯಗಳಲ್ಲಿ ಎಲ್ಲಿ ಬೇಕಾದರೂ ಗಾಳ ಹಾಕಬಹುದೇ?
ಓದುಗರು, ದಾಂಡೇಲಿ

ಉತ್ತರ: ಇಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ನೀರಿಗೆ ಇಳಿಯುವಂತಿಲ್ಲ, ಸೂಪಾ ಹಿನ್ನೀರಿನ ಕಡೆ ಹೋಗುವವರು ಗಡಿ ಎಲ್ಲಿದೆ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಯೇ ಹೋಗಿ. ಕದ್ರಾ ಜಲಾಶಯದ ನೀರು ಕೈಗಾ ಅಣುಸ್ಥಾವರಕ್ಕೂ ಹೋಗುತ್ತದೆ, ಆ ಭಾಗ ನಿಷೇಧಿತ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ, ಅದೂ ಬೇಡ. ಉಳಿದ ದೊಡ್ಡ ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಊರ ಕೆರೆಗಳನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಪಂಚಾಯಿತಿಯಲ್ಲಿ ಗುತ್ತಿಗೆದಾರರು ಅಥವಾ ಮೀನುಗಾರರ ಸಂಘ ಯಾವುದೆಂದು ತಿಳಿದು, ಕೇಳಿ, ದಿನದ ಹಣ ಕೊಟ್ಟು ಕೂರಿ. ಆ ಮರಿಗಳನ್ನು ದುಡ್ಡು ಹಾಕಿ ಬಿಟ್ಟವರು ಅವರು.

ದಾಂಡೇಲಿ ಸುತ್ತಿನ ಕಾಳಿಯಲ್ಲಿ ಮೊಸಳೆ ಇವೆ. ನೀರಿನಂಚಿಗೆ ಬೆನ್ನು ಹಾಕಿ ಕೂರುವುದು, ದಂಡೆಯಲ್ಲೇ ಮೀನು ಹೆಚ್ಚಿ ಕರುಳು ಎಸೆಯುವುದು, ಮೊಣಕಾಲು ನೀರಿನಲ್ಲಿ ನಿಂತು ಗಾಳ ಹಾಕುವುದು ಮೂರೂ ಪ್ರಾಣಕ್ಕೆ ಎರವು. ಅಣೆಕಟ್ಟಿನ ಕೆಳಗೆ ಬಂಡೆಯ ಮೇಲೆ ಕೂರಬೇಡಿ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆ ಇಲ್ಲದ ದಿನವೂ ಹೊಳೆ ಏರುತ್ತದೆ.

ಪ್ರಶ್ನೆ: ಮುಳ್ಳು ಚುಚ್ಚಿದರೆ, ಬೆರಳಿಗೆ ಗಾಳ ನಾಟಿದರೆ ಏನು ಮಾಡಬೇಕು? ಮಂಗನ ಕಾಯಿಲೆಯ ಹೆದರಿಕೆಯೂ ಇದೆ.
ಓದುಗರು, ಕುಮಟಾ

ಉತ್ತರ: ಚೇಳುಮೀನಿನ ಎದೆ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ಮುಗುಡು, ಗಿರ್ಲಿನ ಮುಳ್ಳೂ ಉರಿಯುತ್ತದೆ. ಗಾಯ ತೊಳೆದು, ಸಹಿಸುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿಡಿ. ಬಿಸಿಯನ್ನು ನೋವಿಲ್ಲದ ಕೈಯಿಂದಲೇ ಪರೀಕ್ಷಿಸಿ, ನೋವಿನ ಕೈಗೆ ಸುಡುವುದು ತಿಳಿಯುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ.

ಗಾಳ ನಾಟಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಕೀಳಬೇಡಿ, ಗಾಳದ ಮೊನೆಯ ಹಿಂದಿನ ಮುಳ್ಳು ಮಾಂಸ ಸೀಳುತ್ತದೆ. ಗಾಳದ ಬಾಗಿಗೆ ಗಟ್ಟಿ ದಾರ ಸುತ್ತಿ, ಕಣ್ಣಿರುವ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ದಾರವನ್ನು ಚರ್ಮಕ್ಕೆ ಸಮಾಂತರವಾಗಿ ಒಮ್ಮೆಗೇ ಜಗ್ಗಿದರೆ ಮುಳ್ಳು ಬಿಡಿಸಿಕೊಂಡು ಬರುತ್ತದೆ. ಇಕ್ಕಳದಿಂದ ಮುಳ್ಳನ್ನು ಮೊದಲೇ ಒತ್ತಿ ಮಟ್ಟ ಮಾಡಿಕೊಂಡಿದ್ದರೆ ಈ ಪಾಡೇ ಇಲ್ಲ, ಬಿಡಬೇಕಾದ ಸಣ್ಣ ಮೀನಿಗೂ ಒಳ್ಳೆಯದು. ಕಣ್ಣಿನ ಹತ್ತಿರ, ಕುತ್ತಿಗೆಗೆ, ಕೀಲಿಗೆ ನಾಟಿದ್ದರೆ ಮುಟ್ಟದೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ಹೇಳಿ.

ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ಅದರ ಕಾಲ, ಗಾಳದವರೂ ಕೆರೆಗೆ ಹೋಗುವುದು ಆಗಲೇ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿ, ತರಗೆಲೆಯ ಮೇಲೆ ಕೂರದೆ ಬರಿ ಏರಿಯ ಮೇಲೆ ಕೂರಿ. ಮಂಗ ಸತ್ತ ಸುದ್ದಿ ಇರುವ ಕಾಡಿನ ಕೆರೆಗೆ ಆ ವರ್ಷ ಹೋಗಲೇಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.

ಪ್ರಶ್ನೆ: ಕೆರೆ ಮೀನಿಗೆ ಕೆಸರು ವಾಸನೆ. ಮನೆಯಲ್ಲಿ ಯಾರೂ ತಿನ್ನುವುದಿಲ್ಲ, ಸಮುದ್ರದ ಮೀನು ತಿಂದ ಬಾಯಿ.
ಓದುಗರು, ಹೊನ್ನಾವರ

ಉತ್ತರ: ಆ ವಾಸನೆ ಕೆಸರಿನದಲ್ಲ. ನೀಲಿ ಹಸಿರು ಪಾಚಿ ಮತ್ತು ಮಣ್ಣಿನ ಕೆಲವು ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿಯೂ ಅದೇ ಇದೆ. ಮೀನು ಅದನ್ನು ಕಿವಿರಿನಿಂದ ಹೀರಿ ಕೊಬ್ಬಿನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಎಷ್ಟು ತೊಳೆದರೂ ಹೋಗದು, ಕೊಬ್ಬಿರುವ ಭಾಗ ತೆಗೆದರೆ ಹೋಗುತ್ತದೆ. ಚರ್ಮ ಸುಲಿಯಿರಿ, ಹೊಟ್ಟೆಯ ತೆಳು ಪದರ ಮತ್ತು ಒಳಗಿನ ಕಪ್ಪು ಪೊರೆ ಕೆರೆಯಿರಿ, ಪಕ್ಕೆಯ ಮಧ್ಯದಲ್ಲಿ ಉದ್ದಕ್ಕೆ ಹೋಗುವ ಕಂದು ಮಾಂಸದ ಪಟ್ಟಿಯನ್ನು ಕತ್ತರಿಸಿ ಬಿಡಿ. ಹುಳಿ ಜಿಯೋಸ್ಮಿನ್ನನ್ನು ಒಡೆಯುತ್ತದೆ: ಉಳಿದ ಹೋಳುಗಳನ್ನು ಮುರುಗಲು (ಕೋಕಂ) ನೆನೆಸಿದ ನೀರು ಅಥವಾ ಹುಳಿ ಮಜ್ಜಿಗೆಯಲ್ಲಿ ಉಪ್ಪು ಹಾಕಿ ಅರ್ಧ ತಾಸು ಇಟ್ಟು, ಆ ನೀರು ಚೆಲ್ಲಿ. ಏಪ್ರಿಲ್, ಮೇಯ ಹಸಿರು ನೀರಿನ ಮೀನಿಗೆ ಈ ವಾಸನೆ ಹೆಚ್ಚು, ಮಳೆ ನೀರು ಬಂದ ಮೇಲೆ ಕಡಿಮೆ.

ಹಿಡಿದ ಮೀನನ್ನು ಬಿಸಿಲಿನ ಚೀಲದಲ್ಲಿ ಸಂಜೆಯವರೆಗೆ ಇಟ್ಟು ತಂದರೆ ಯಾವ ಹುಳಿಯೂ ಉಳಿಸದು. ಸಿಕ್ಕಿದ ಕೂಡಲೇ ಕರುಳು, ಕಿವಿರು ತೆಗೆದು, ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆಯ ಲೆಕ್ಕದಲ್ಲಿ ಪೆಟ್ಟಿಗೆಗೆ ಹಾಕಿ, ಕರಗಿದ ನೀರು ಹರಿದುಹೋಗಲು ತೂತು ಇರಲಿ. ರೋಹು, ಮೃಗಾಲಿನ ಕವಲು ಮುಳ್ಳಿಗೆ ಹೆದರುವವರಿದ್ದರೆ ಹೋಳಿನ ಮೇಲೆ ಮೂರು ನಾಲ್ಕು ಮಿ.ಮೀ.ಗೆ ಒಂದರಂತೆ ಆಳವಾಗಿ ಗೀರಿ ಗರಿಗರಿ ಹುರಿಯಿರಿ, ಸಣ್ಣ ಮುಳ್ಳು ಎಣ್ಣೆಯಲ್ಲಿ ಬೆಂದು ಬಾಯಿಗೆ ತಾಗುವುದಿಲ್ಲ. ಸಾರು ಮಾಡುವುದಾದರೆ ಬಂಗಡೆಗೆ ಹಾಕುವಂತೆಯೇ ತೆಂಗಿನಕಾಯಿ, ಒಣಮೆಣಸು, ಮುರುಗಲು. ಬೀಜ ತೆಗೆದ ಜುಮ್ಮನಕಾಯಿ (ಮೀನಿನ ಸಾರಿಗೆ ಹಾಕುವ ಘಮದ ಕಾಡುಕಾಯಿ) ಎಂಟು ಹತ್ತು ಜಜ್ಜಿ ಕೊನೆಯ ಕುದಿಗೆ ಹಾಕಿ ಮುಚ್ಚಿಡಿ.